ಕಡಲು ತಾನೇ ಒಯ್ದು ಇಡಬಹುದಿತ್ತಲ್ಲ?

(ಮಕ್ಕಳ ಸಿನಿಮಾ ಕುರಿತು ಕಾರವಾರದಲ್ಲಿ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಹಿಗ್ಗಿಸಿದ್ದೇನೆ, ಕೆಲವು ಕಡೆ ಕುಗ್ಗಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಕ್ಕಳು ಸಿನಿಮಾದಿಂದ ಏನು ಕಲಿಯುತ್ತಾರೆ ಅನ್ನುವ ವಿಷಯದ ಮೇಲೆ ಮಾತಾಡಿ ಅಂತ ನನಗೆ ಹೇಳಿದ್ದರು. ಒಪ್ಪಿಕೊಂಡೆ. ಆಮೇಲೆ ಬರೆಯಲು ಕೂತರೆ ಒಂದು ಸಾಲೂ ಹೊಳೆಯಲಿಲ್ಲ. ಯಾಕೆಂದರೆ ಮಕ್ಕಳಿಗೆ ಸಿನಿಮಾ ತೋರಿಸುತ್ತಾ ನಾನು ಕಂಡದ್ದೇ ಬೇರೆ. ಅವರು ಕಲಿಯುವುದಕ್ಕಿಂತ ಜಾಸ್ತಿ ಲೆಕ್ಕ ಕೇಳುತ್ತಾರೆ. ಕತೆ ಹೇಳಿದವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಸಿನಿಮಾ ತುಂಬಾ ಇಷ್ಟವಾಗಿಬಿಟ್ಟರಂತೂ ಮುಗೀತು, ಬಿಡುವುದೇ ಇಲ್ಲ. ಹಾಗಾಗಿ ಇವತ್ತು ಅಭಿಮಾನಿಗಳ ತಕರಾರಿನ ಬಗ್ಗೆ ಮಾತಾಡುತ್ತೇನೆ, ಒಂದೇ ಒಂದು ಸಿನಿಮಾ ಇಟ್ಟುಕೊಂಡು.

ಆ ಸಿನಿಮಾ ‘ಮೊವಾನಾ’. ಡಿಸ್ನಿಯವರ ಅನಿಮೇಷನ್ ಚಿತ್ರ, 2016ರ ನವೆಂಬರಿನಲ್ಲಿ ಬಂದದ್ದು. ನಿರ್ದೇಶಕರು ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್. ನೋಡದೇ ಇದ್ದವರಿಗಾಗಿ ಕತೆ ಚುಟುಕಾಗಿ ಹೇಳಿಬಿಡುತ್ತೇನೆ. ಪೆಸಿಫಿಕ್ ಸಾಗರದ ನಡುವೆ ಮೊಟುನೂಯಿ ಅಂತ ಒಂದು ದ್ವೀಪ. ಅಲ್ಲಿನ ಮುಖ್ಯಸ್ಥನ ಮಗಳು ಮೊವಾನಾ. ಸಾವಿರ ವರ್ಷದ ಹಿಂದೆ ಮಾವಿ ಅನ್ನುವ ಅರೆದೇವರು ತೆ ಫಿತಿ ಎಂಬ ದೇವಿಯ ಹೃದಯವನ್ನು ಕದ್ದಿರುತ್ತಾನೆ. ಹೃದಯ ಅಂದರೆ ಒಂದು ಹಸಿರು ಕಲ್ಲು. ಅಲ್ಲಿಂದ ಶುರುವಾದ ಕೇಡು ಈಗ ಮೊವಾನಾಳ ದ್ವೀಪಕ್ಕೂ ಬಂದಿದೆ. ತೆಂಗಿನಕಾಯಿ ಒಡೆದರೆ ಒಳಗೆ ಕಪ್ಪು. ದ್ವೀಪದ ಸುತ್ತ ಇರುವ ಹವಳದ ದಿಬ್ಬದ ಒಳಗಿನ ನೀರಲ್ಲಿ ಮೀನಿಲ್ಲ. ಮಾವಿಯನ್ನು ಹುಡುಕಿ, ಅವನನ್ನು ಎಳೆದುಕೊಂಡು ಹೋಗಿ, ಕಲ್ಲನ್ನು ಮತ್ತೆ ಅದರ ಜಾಗದಲ್ಲಿ ಇಡಬೇಕು. ಕಡಲೇ ಈ ಹುಡುಗಿಯನ್ನು ಆರಿಸಿದೆ. ಅವಳು ಪುಟ್ಟ ಮಗುವಾಗಿದ್ದಾಗ ನೀರು ಪಕ್ಕಕ್ಕೆ ಸರಿದು, ಅವಳ ಕೂದಲು ನೇವರಿಸಿ, ಕಲ್ಲನ್ನು ಕೈಗೆ ಕೊಟ್ಟಿತ್ತು.

ಇಲ್ಲಿಂದಲೇ ಜಗಳ ಶುರು. ಈ ಚಿತ್ರವನ್ನು ಪ್ರೀತಿಸುವ ಜನ ಜಗತ್ತಿನ ಎಲ್ಲೇ ಇರಲಿ, ಇವತ್ತಿಗೂ ಕೇಳುವ ಪ್ರಶ್ನೆ ಒಂದಿದೆ. ಕಡಲಿಗೆ ಕಿವಿ ಇದೆ, ಬುದ್ಧಿ ಇದೆ, ನೀರಿನ ಕೈ ಬೇರೆ ಇದೆ. ಹುಡುಗಿ ದೋಣಿಯಿಂದ ಬಿದ್ದರೆ ಎತ್ತಿ ಮತ್ತೆ ದೋಣಿಗೆ ಹಾಕುತ್ತದೆ. ಹಾಗಿದ್ದ ಮೇಲೆ ಆ ಕಲ್ಲನ್ನು ತಾನೇ ಒಯ್ದು ಇಡಬಹುದಿತ್ತಲ್ಲ?

ಅಂಕೋಲೆ ಕಡೆ ಒಂದು ಬೇಸಿಗೆ ಶಿಬಿರದಲ್ಲಿ ನಾನು ಈ ಸಿನಿಮಾ ತೋರಿಸಿದ್ದೆ. ಅರ್ಧ ಮಕ್ಕಳು ಘಟ್ಟದ ಮೇಲಿನವರು, ಶಿರಸಿ ಸಿದ್ದಾಪುರದ ಕಡೆಯವರು. ಇನ್ನರ್ಧ ಕಾರವಾರ, ಅಂಕೋಲೆ, ಕುಮಟೆಯ ಕಡಲ ಬದಿಯವರು. ಸಿನಿಮಾ ಇಂಗ್ಲಿಷಿನಲ್ಲಿ. ನಾನು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ನಿಲ್ಲಿಸಿದ್ದೇ ತಡ, ಗಲಾಟೆ. “ಅಕ್ಕೋರೆ, ಕಡಲೇ ಇಡ್ಬಹುದಿತ್ತಲ್ಲ?” ಅಂತ ಯಾರೋ ಹಿಂದಿನಿಂದ ಕೂಗಿದರು. ಈ ಪ್ರಶ್ನೆ ದೂರದ ಅಭಿಮಾನಿಗಳದ್ದೂ ಹೌದು ಅಂತ ಆ ಮಗುವಿಗೆ ಎಲ್ಲಿ ಗೊತ್ತಿರಬೇಕು?

ನಾನು ಉತ್ತರ ಕೊಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂಥದ್ದಕ್ಕೆ ಒಂದು ಪದ್ಧತಿ ಇದೆಯಲ್ಲ, ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ವಾದ ಮಾಡುವುದು. ಒಂದು ಪಾತ್ರವಾಗಿ ಮಾತಾಡುವುದಕ್ಕೆ ಅಲ್ಲಿ ಅರ್ಥ ಹೇಳುವುದು ಅನ್ನುತ್ತಾರೆ. “ಕಡಲಿನ ಅರ್ಥ ಯಾರು ಹೇಳ್ತೀರಿ?” ಅಂದೆ. ಮೀನುಗಾರರ ಕೇರಿಯ ಒಬ್ಬ ಹುಡುಗಿ ಎದ್ದು ಬಂದು ಕೂತಳು. ಐದನೇ ಕ್ಲಾಸಿನವಳು ಇರಬೇಕು. ಎದುರಿಗೆ ಶಿರಸಿಯ ಹುಡುಗ. ಇವನ ಮನೆಯಲ್ಲಿ ಯಕ್ಷಗಾನದ ಆಟ, ತಾಳಮದ್ದಳೆ ಎಲ್ಲ ನೀರು ಕುಡಿದಷ್ಟು ಸಲೀಸು. ಅವನು ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಶುರು ಮಾಡಿದ: “ಎಲೈ ಸಮುದ್ರರಾಜನೇ, ಇಷ್ಟೆಲ್ಲ ಶಕ್ತಿ ಇಟ್ಟುಕೊಂಡು ಒಂದು ಹೆಣ್ಣುಮಗುವನ್ನು ಯಾಕೆ ಗೋಳು ಹುಯ್ದುಕೊಳ್ಳುತ್ತಿ?”

ಹುಡುಗಿಗೆ ಆ ಭಾಷೆಯೆಲ್ಲ ಬರುವುದಿಲ್ಲ. ಮನೆಮಾತು ಕೊಂಕಣಿ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ ಕೇಳಿದಳು: “ಕಡಲು ಮೀನು ದಡಕ್ಕೆ ತಂದು ಹಾಕ್ತದೆ. ಮನೆಗೆ ತಂದು ಕೊಡ್ತದಾ?”

ಅರ್ಧ ಸಭೆ ಚಪ್ಪಾಳೆ. ಕೆಳಗಿನವರು ಗೆದ್ದೆವು ಅಂದುಕೊಂಡರು. ಹುಡುಗ ಬಿಡಲಿಲ್ಲ. “ಹಂಗಲ್ಲ. ಕೃಷ್ಣ ಒಬ್ಬನೇ ಕೌರವರನ್ನೆಲ್ಲ ಮುಗಿಸಬಹುದಿತ್ತು. ಆದ್ರೆ ಅವ ಯುದ್ಧಕ್ಕೆ ಮೊದಲೇ ಹೇಳಿದ್ದ, ನಾನು ಶಸ್ತ್ರ ಹಿಡಿಯಲ್ಲ ಅಂತ. ಈ ಕಡಲು ಎಲ್ಲಿ ಹೇಳಿದೆ?”

ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಮಾತು ಮೇಲು ಅಂತ ನನಗೆ ಅನ್ನಿಸಿತು. ಅವನು ತೋರಿಸಿದ್ದು ಕತೆಯ ಹೆಣಿಗೆಯ ದೋಷವನ್ನು. ಶಕ್ತಿ ಇರುವವನು ಕತೆಯಲ್ಲಿ ಸುಮ್ಮನಿರಬೇಕಾದರೆ ಅದಕ್ಕೊಂದು ಕಟ್ಟುಪಾಡು ಬೇಕು, ಆ ಕಟ್ಟುಪಾಡು ನಮಗೂ ತಿಳಿದಿರಬೇಕು. ತಿಳಿದಿದ್ದರೆ ಅದು ಮುರಿಯುವ ಹೊತ್ತಿಗೆ ಮೈ ಜುಮ್ಮೆನ್ನುತ್ತದೆ. ಭೀಷ್ಮ ಪರ್ವದಲ್ಲಿ ಕೃಷ್ಣ ಚಕ್ರ ಹಿಡಿದು ರಥದಿಂದ ಧುಮುಕುತ್ತಾನಲ್ಲ, ಅದು ಅಷ್ಟು ಜೋರಾಗಿ ತಟ್ಟುವುದು ಆಣೆ ಮೊದಲೇ ಗೊತ್ತಿರುವುದರಿಂದ. ಮೊವಾನಾದ ಕಡಲಿಗೆ ಅಂಥ ಆಣೆ ಯಾವುದೂ ಇಲ್ಲ. ಅದು ಒಮ್ಮೆ ಸಹಾಯ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ, ಕತೆಗೆ ಅನುಕೂಲ ಆದ ಹಾಗೆ.

ಆದರೂ ಹುಡುಗಿಯ ಪರವಾಗಿ ಒಂದು ಸಾಕ್ಷಿ ಸಿನಿಮಾದಲ್ಲೇ ಇದೆ. ತೆ ಕಾ ಅನ್ನುವ ಬೆಂಕಿಯ ರಾಕ್ಷಸಿಯ ಎದುರು ಮೊದಲ ಸಲ ಸೋತು, ಮಾವಿಯೂ ಬಿಟ್ಟುಹೋದ ಮೇಲೆ, ಮೊವಾನಾ ಕಡಲಿಗೆ ಹೇಳುತ್ತಾಳೆ, ನನ್ನಿಂದ ಆಗಲ್ಲ, ಬೇರೆ ಯಾರನ್ನಾದರೂ ಆರಿಸಿಕೋ ಅಂತ. ಕಡಲು ಜಗಳ ಮಾಡುವುದಿಲ್ಲ. ಕಲ್ಲನ್ನು ವಾಪಸ್ ತೆಗೆದುಕೊಂಡು ಮುಳುಗಿಸಿಬಿಡುತ್ತದೆ. ಆಮೇಲೆ ಅವಳೇ ಧುಮುಕಿ ಅದನ್ನು ಎತ್ತಿಕೊಂಡು ಬರಬೇಕಾಗುತ್ತದೆ. ಆರಿಸಿಕೊಳ್ಳುವುದು ಕಡಲಿನ ಕೆಲಸ, ಒಪ್ಪುವುದು ಬಿಡುವುದು ಅವಳದ್ದು. ಒಬ್ಬ ಅಭಿಮಾನಿಗೆ ಇಷ್ಟು ಸಾಕು. ಶಿರಸಿಯ ಹುಡುಗನಿಗೆ ಸಾಕಾಗಲಿಲ್ಲ. ನನ್ನ ಓಟೂ ಅವನಿಗೇ.

ಅಭಿಮಾನಿ ಅಂದರೆ ಪೋಸ್ಟರಿಗೆ ಹಾಲೆರೆಯುವವನು ಅಂತ ನಾವು ಅಂದುಕೊಂಡಿದ್ದೇವೆ. ನಮ್ಮ ಜಿಲ್ಲೆಯಲ್ಲಿ ಆ ಜಾತಿಯ ಅಭಿಮಾನಿ ಕಡಿಮೆ. ಯಕ್ಷಗಾನ ನೋಡುವವರನ್ನು ನೋಡಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಅಂದರೆ ಜೀವ ಬಿಡುತ್ತಿದ್ದವರು ಇದ್ದರು. ಕೆರೆಮನೆ ಶಂಭು ಹೆಗಡೆಯವರ ಹದ ಬೇರೆ, ಅದೇ ಬೇಕು ಅನ್ನುವವರೂ ಇದ್ದರು. ಇಬ್ಬರೂ ಬೆಳಗಿನ ಜಾವ ಒಂದೇ ಚಹಾ ಅಂಗಡಿಯಲ್ಲಿ ಕೂತು, ಯಾವ ಪದ್ಯಕ್ಕೆ ಎಷ್ಟು ಕುಣಿಯಬೇಕಿತ್ತು, ಎಲ್ಲಿ ಮಾತು ಉದ್ದವಾಯಿತು ಅಂತ ಕೊಯ್ದು ಹಾಕುತ್ತಿದ್ದರು. ತಮ್ಮ ಮೆಚ್ಚಿನ ಕಲಾವಿದನ ತಪ್ಪನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವರೂ ಅವರೇ. ಶಿಬಿರದ ಮಕ್ಕಳು ಅವರ ಮೊಮ್ಮಕ್ಕಳು ತಾನೇ.

ಈಗ ದೋಣಿಯ ವಿಷಯ. ಇದರಲ್ಲಿ ಕಡಲ ಬದಿಯ ಮಕ್ಕಳನ್ನು ಮೀರಿಸುವವರಿಲ್ಲ.

ಮೊವಾನಾ ಮೊದಲ ಸಲ ದಿಬ್ಬ ದಾಟಲು ಹೋಗುವ ದೃಶ್ಯ ನೆನಪು ಮಾಡಿಕೊಳ್ಳಿ. ಅಪ್ಪ ಬೇಡ ಅಂದಿದ್ದಾನೆ. ಅವಳು ಸಣ್ಣ ದೋಣಿ ತೆಗೆದುಕೊಂಡು, ಪೂವಾ ಅನ್ನುವ ಹಂದಿಮರಿಯನ್ನೂ ಕೂರಿಸಿಕೊಂಡು ಹೊರಡುತ್ತಾಳೆ. ತೆರೆ ಬಡಿಯುತ್ತದೆ, ಹಂದಿಮರಿ ನೀರಿಗೆ ಬೀಳುತ್ತದೆ, ಇವಳ ಗಮನ ಅತ್ತ ಹೋಗುತ್ತದೆ, ಇನ್ನೊಂದು ತೆರೆಗೆ ದೋಣಿ ಮಗುಚುತ್ತದೆ. ಕಾಲು ಹವಳದ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಬ್ಬ ಹುಡುಗ ನನ್ನ ಕೈಯಿಂದ ರಿಮೋಟ್ ಕಸಿದುಕೊಂಡು ಹಿಂದೆ ಹೋಗಿ ಅಲ್ಲಿಗೇ ನಿಲ್ಲಿಸಿದ. “ಇಲ್ಲಿ ನೋಡಿ ಅಕ್ಕೋರೆ. ಮೂತಿ ತೆರೆಗೆ ನೆಟ್ಟಗೆ ಇರ್ಬೇಕು. ಅಡ್ಡ ಆಯ್ತು ಅಂದ್ರೆ ಮುಗೀತು.” ಆಮೇಲೆ ತನ್ನ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ದೋಣಿ ಮಾಡಿ ತೋರಿಸಿದ. ದೊಡ್ಡ ತೆರೆಗಳು ಸಾಲಾಗಿ ಬರುತ್ತವೆ, ಅವು ಹೋಗುವ ತನಕ ಕಾಯಬೇಕು, ನಡುವೆ ಸ್ವಲ್ಪ ಬಿಡುವು ಸಿಗುತ್ತದೆ, ಆಗ ಹುಟ್ಟು ಹಾಕಿ ದಾಟಿಬಿಡಬೇಕು. ಅಳಿವೆಯಲ್ಲಿ ಅವನ ಅಜ್ಜ ಹಾಗೇ ಮಾಡುತ್ತಿದ್ದರಂತೆ. ಅವನ ಪ್ರಕಾರ ಮೊವಾನಾ ಸೋತದ್ದು ವಿಧಿಯಿಂದ ಅಲ್ಲ, ಶಾಪದಿಂದ ಅಲ್ಲ, ಅವಸರದಿಂದ. ಮತ್ತೆ ಹಂದಿ ಯಾಕೆ ಬೇಕಿತ್ತು?

ದೋಣಿಯನ್ನು ಮಾತ್ರ ಅವರು ಒಪ್ಪಿದರು. ಪಕ್ಕಕ್ಕೆ ಅಡ್ಡಮರ ಕಟ್ಟಿ, ಅದರ ತುದಿಗೆ ಉದ್ದನೆಯ ಮರದ ತೇಲು ಜೋಡಿಸಿದ ದೋಣಿ ಅದು. ಮಗುಚದಂತೆ ಹಿಡಿಯುವುದು ಆ ತೇಲು. “ನಮ್ಮ ಪಾತಿ ದೋಣಿ!” ಅಂತ ಕಿರುಚಿದರು. ಹೌದು, ನಮ್ಮ ಕರಾವಳಿಯ ಪಾತಿ ದೋಣಿಗೂ ಒಂದು ಬದಿಗೆ ತೇಲು ಇದೆ. ಪೆಸಿಫಿಕ್ ಜನರ ದೋಣಿ ಹಾಯಿ ಕಟ್ಟಿ ಸಾವಿರಾರು ಕಿಲೋಮೀಟರ್ ಹೋಗುತ್ತಿತ್ತು, ನಮ್ಮದು ದಡದ ಹತ್ತಿರ ಬಲೆ ಬೀಸಲು. ಕಟ್ಟುವ ಉಪಾಯ ಮಾತ್ರ ಒಂದೇ.

ಇಲ್ಲೊಂದು ಸ್ವಾರಸ್ಯ ಇದೆ, ಹೇಳದೆ ಮುಂದೆ ಹೋಗಲಾರೆ. ಸಿನಿಮಾದಲ್ಲಿ ಅಜ್ಜಿ ತಾಲಾ ಮೊವಾನಾಗೆ ಒಂದು ಗವಿ ತೋರಿಸುತ್ತಾಳೆ. ಒಳಗೆ ದೊಡ್ಡ ದೊಡ್ಡ ಹಾಯಿ ದೋಣಿಗಳು. ನಮ್ಮ ಹಿರಿಯರು ಸಮುದ್ರ ಸುತ್ತುತ್ತಿದ್ದರು, ಒಂದು ಕಾಲದಲ್ಲಿ ನಿಲ್ಲಿಸಿಬಿಟ್ಟರು ಅಂತ ಅಲ್ಲಿ ಗೊತ್ತಾಗುತ್ತದೆ. ಇದು ಬರೀ ಕಟ್ಟುಕತೆ ಅಲ್ಲ. ಪಾಲಿನೇಷ್ಯಾದ ಜನ ಸುಮಾರು 3,000 ವರ್ಷಗಳ ಹಿಂದೆ ಟೋಂಗಾ, ಸಮೋವಾ ತನಕ ಬಂದರು. ಆಮೇಲೆ ಪೂರ್ವಕ್ಕೆ ಹೋಗಲು ಸಾವಿರ ವರ್ಷಕ್ಕೂ ಜಾಸ್ತಿ ಹೊತ್ತು ತೆಗೆದುಕೊಂಡರು. ಯಾಕೆ ಅಷ್ಟು ದೀರ್ಘ ನಿಲುಗಡೆ ಅಂತ ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಗಾಳಿ ಅನ್ನುವವರಿದ್ದಾರೆ, ದೋಣಿಯ ತಂತ್ರ ಅನ್ನುವವರಿದ್ದಾರೆ. ಸಿನಿಮಾ ಆ ಖಾಲಿ ಜಾಗದಲ್ಲಿ ತನ್ನ ರಾಕ್ಷಸಿಯನ್ನು ಕೂರಿಸಿತು. ಬುದ್ಧಿವಂತ ಕೆಲಸ ಅಲ್ವಾ?

ನಕ್ಷತ್ರ ನೋಡಿ ದಾರಿ ಹಿಡಿಯುವುದೂ ಹಾಗೇ, ನಿಜ. 1976ರಲ್ಲಿ ಹೊಕುಲೆಯಾ ಅನ್ನುವ ಜೋಡಿ ದೋಣಿ ಹವಾಯಿಯಿಂದ ತಹೀತಿಗೆ ಹೋಯಿತು. ಹತ್ತಿರ ಹತ್ತಿರ 4,000 ಕಿಲೋಮೀಟರ್. ದಿಕ್ಸೂಚಿ ಇಲ್ಲ, ಯಾವ ಯಂತ್ರವೂ ಇಲ್ಲ. ದಾರಿ ತೋರಿದವರು ಮೈಕ್ರೋನೇಷ್ಯಾದ ಸತವಾಲ್ ದ್ವೀಪದ ಮಾವು ಪಿಯಾಯಿಲುಗ್. ನಕ್ಷತ್ರ, ತೆರೆಯ ದಿಕ್ಕು, ಹಕ್ಕಿಗಳು, ಇಷ್ಟೇ ಅವರ ಸಾಮಾನು. ಇದನ್ನು ಮಕ್ಕಳಿಗೆ ಹೇಳುವಾಗ ನಾನು ಭಾವುಕಳಾಗಿದ್ದೆ. ಅವರಿಗೆ ಮಾತ್ರ ಸಿನಿಮಾದ ಇನ್ನೊಂದು ಪಾಠವೇ ನೆನಪಲ್ಲಿ ಉಳಿದಿತ್ತು. ನೀರಿಗೆ ಕೈ ಇಟ್ಟು ನೋಡು, ಬೆಚ್ಚಗಿದ್ದರೆ ದಾರಿ ಸರಿ ಅಂತ ಮಾವಿ ಹೇಳುತ್ತಾನೆ. ತಣ್ಣಗಿದೆಯಲ್ಲ ಅನ್ನುತ್ತಾಳೆ ಇವಳು. ಇದ್ದಕ್ಕಿದ್ದಂತೆ ಬೆಚ್ಚಗಾಗುತ್ತದೆ. ಯಾಕೆ ಅಂತ ನೋಡಿದವರಿಗೆ ಗೊತ್ತು, ನೋಡದವರು ಮನೆಯಲ್ಲಿ ಮಕ್ಕಳನ್ನು ಕೇಳಿ. ಆ ಒಂದು ದೃಶ್ಯವನ್ನು ಎಷ್ಟು ಸಲ ಹಾಕಿಸಿದರೋ ದೇವರೇ ಬಲ್ಲ. ಘಟ್ಟದ ಮೇಲಿನವರು, ಕೆಳಗಿನವರು ಒಂದಾದದ್ದು ಅಲ್ಲಿ ಮಾತ್ರ.

ಅಪ್ಪನ ವಿಷಯದಲ್ಲಿ ನನಗೇ ಆಶ್ಚರ್ಯ ಆಯಿತು. ಹೊರಗಿನ ಅಭಿಮಾನಿಗಳಲ್ಲಿ ಬಹಳ ಜನ ಮುಖ್ಯಸ್ಥ ತುಯಿಯನ್ನು ಅಡ್ಡಿಗಾಲು ಹಾಕುವ ಅಪ್ಪ ಅಂತಲೇ ನೋಡುತ್ತಾರೆ. ಮಗಳ ಕನಸಿಗೆ ಬೇಲಿ ಹಾಕಿದವನು. ಶಿರಸಿ ಮಕ್ಕಳದ್ದೂ ಅದೇ ಮಾತು. ಕಡಲ ಬದಿಯ ಮಕ್ಕಳು ಒಬ್ಬರ ಹಿಂದೊಬ್ಬರು ಅಪ್ಪನ ಪಕ್ಷ ಹಿಡಿದರು. ಅವನು ಪ್ರಾಯದಲ್ಲಿ ಹೀಗೇ ದಿಬ್ಬ ದಾಟಲು ಹೋಗಿ ಗೆಳೆಯನನ್ನು ಕಳೆದುಕೊಂಡವನು ಅಲ್ವಾ, ಹೆದರದೆ ಇನ್ನೇನು ಮಾಡುತ್ತಾನೆ ಅಂತ ಕೇಳಿದರು. ಇವರ ಮನೆಗಳಲ್ಲಿ ಕಡಲಿಗೆ ಹೋಗಬೇಡ ಅನ್ನುವುದು ನಿತ್ಯದ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ನೀರಿಗೆ ಇಳಿಯುವ ಹಾಗಿಲ್ಲ. ಅದು ಮೀನು ಮರಿ ಮಾಡುವ ಕಾಲ, ಮಳೆಗಾಲದ ಕಡಲು ಬೇರೆ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಆಮೇಲೆ ಬಲೆ ಎತ್ತುವ ಪದ್ಧತಿ ಇದೆ. ದಾಟಬಾರದ ದಿನ ಯಾವುದು ಅಂತ ತಿಳಿದಿರುವ ಮಕ್ಕಳಿಗೆ ಆ ಅಪ್ಪ ಖಳನಾಯಕನಾಗಿ ಕಾಣಲೇ ಇಲ್ಲ. ಒಬ್ಬಳು ಹೇಳಿದಳು, “ಅಪ್ಪ ಬೈದದ್ದು ಸರಿ. ಇವಳು ಹೋದದ್ದೂ ಸರಿ.” ಅಷ್ಟರಲ್ಲಿ ಅವಳ ಮಟ್ಟಿಗೆ ಮಾತು ಮುಗಿಯಿತು.

ಇನ್ನು ತೆ ಕಾ. ಮೈಯೆಲ್ಲ ಕೆಂಡ, ಕಪ್ಪು ಹೊಗೆ, ಗುಡ್ಡದಷ್ಟು ಎತ್ತರ. ಶಿಬಿರಕ್ಕೆ ಮೊಮ್ಮಗನನ್ನು ಬಿಡಲು ಬಂದಿದ್ದ ಹಿರಿಯರೊಬ್ಬರು ಹಿಂದೆ ನಿಂತು ನೋಡಿ, “ಬಣ್ಣದ ವೇಷಕ್ಕೆ ದೊಂದಿ ಹಿಡಿದು ರಾಳ ಹಾರಿಸಿದ ಹಾಗಿದೆ” ಅಂದರು. ಬಣ್ಣದ ವೇಷ ಅಂದರೆ ಯಕ್ಷಗಾನದ ರಾಕ್ಷಸ ಪಾತ್ರ. ಕೊನೆಗೆ ಗೊತ್ತಾಗುತ್ತದೆ, ಈ ರಾಕ್ಷಸಿಯೇ ಆ ದೇವಿ. ಹೃದಯ ಕಳೆದುಕೊಂಡ ಮೇಲೆ ಹೀಗಾಗಿದ್ದಾಳೆ. ಅಭಿಮಾನಿಗಳು ಈ ಚಿತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಮೆಚ್ಚುವುದು ಈ ತಿರುವನ್ನು. ಮೊದಲ ಸಲ ನೋಡಿದಾಗ ಬೆಚ್ಚಿಬಿದ್ದೆವು ಅನ್ನುತ್ತಾರೆ.

ಶಿರಸಿ ಕಡೆಯ ಮಕ್ಕಳು ಬೆಚ್ಚಿಬೀಳಲಿಲ್ಲ. ತೆ ಕಾ ಮೊದಲ ಸಲ ಕಂಡಾಗಲೇ ಇಬ್ಬರು ಮೂವರು, “ಅದಕ್ಕೆಂತದೋ ಶಾಪ ಇರ್ಬೇಕು” ಅಂದುಬಿಟ್ಟರು. ಎಷ್ಟು ಪ್ರಸಂಗ ನೋಡಿಲ್ಲ ಅವರು! ವಿರಾಧ ಶಾಪಗ್ರಸ್ತ ಗಂಧರ್ವ. ಕಬಂಧನದ್ದೂ ಅದೇ ಕತೆ. ಅಬ್ಬರಿಸಿಕೊಂಡು ಬಂದವರು ಕೊನೆಗೆ ಕೈಮುಗಿದು ಶಾಪವಿಮೋಚನೆಯಾಯಿತು ಅಂತ ಹೊರಡುತ್ತಾರೆ. ರಾಕ್ಷಸನ ಒಳಗೆ ಬೇರೆ ಯಾರೋ ಇರುತ್ತಾರೆ ಅನ್ನುವುದು ಅವರಿಗೆ ತಿರುವೇ ಅಲ್ಲ.

ಆದರೆ ಒಂದು ವ್ಯತ್ಯಾಸವನ್ನು ಒಬ್ಬ ಹುಡುಗಿ ಹಿಡಿದಳು. ಇವಳೂ ಘಟ್ಟದ ಮೇಲಿನವಳೇ. ನಮ್ಮ ಪ್ರಸಂಗದಲ್ಲಿ ಶಾಪ ಹೋಗಬೇಕಾದರೆ ಮೊದಲು ಸಾಯಬೇಕು ಅಂದಳು. ರಾಮ ಬಾಣ ಬಿಡಬೇಕು, ಕೈ ಕಡಿಯಬೇಕು, ಗುಂಡಿಗೆ ಹಾಕಬೇಕು. ಇಲ್ಲಿ ಮೊವಾನಾ ಏನೂ ಮಾಡುವುದಿಲ್ಲ. ನೀರನ್ನು ಎರಡು ಪಾಲು ಮಾಡಿಸಿ ದಾರಿ ಬಿಡಿಸುತ್ತಾಳೆ. ರಾಕ್ಷಸಿ ಕೈಯೂರಿ ಹರಿದುಕೊಂಡು ಓಡಿ ಬರುತ್ತಾಳೆ. ಇವಳು ಓಡುವುದಿಲ್ಲ, ಎದುರಿಗೇ ನಡೆಯುತ್ತಾಳೆ. ಹತ್ತಿರ ಬಂದ ಮೇಲೆ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸುತ್ತಾಳೆ. ನ್ಯೂಜಿಲೆಂಡಿನ ಮಾವೊರಿ ಜನ ಪರಸ್ಪರ ಗೌರವ ಹೇಳುವುದೂ ಹೀಗೇ. ಆಮೇಲೆ ಕಲ್ಲು ಇಡುತ್ತಾಳೆ. ಕೆಂಡ ಆರಿ ಕಪ್ಪು ಕಲ್ಲಾಗಿ, ಕಲ್ಲು ಉದುರಿ ಒಳಗಿಂದ ಹಸಿರು ಬರುತ್ತದೆ. ಯಾರೂ ಸಾಯಲಿಲ್ಲ. ಇದಕ್ಕೆ ಕೆಲವು ಹುಡುಗರ ತಕರಾರು: “ಯುದ್ಧವೇ ಆಗ್ಲಿಲ್ಲ, ಎಂತ ಮಜಾ?” ಅದೂ ಒಂದು ಅಭಿಪ್ರಾಯವೇ. ಮಾವಿ ತನ್ನ ಗಾಳ ಮುರಿದುಕೊಂಡು, ಆಯುಧವಿಲ್ಲದೆ ಹಾಡುತ್ತಾ ಕುಣಿದು ರಾಕ್ಷಸಿಯ ಗಮನ ಸೆಳೆಯುವುದನ್ನು ಬಿಟ್ಟರೆ ಕೊನೆಯಲ್ಲಿ ಹೊಡೆದಾಟ ಅನ್ನುವಂಥದ್ದು ಕಡಿಮೆ, ನಿಜ.

ಮಾವಿ ಅಂದೆನಲ್ಲ, ಇಲ್ಲಿ ತಕರಾರಿನ ಬಣ್ಣವೇ ಬೇರೆ. ಇದು ಮಕ್ಕಳದ್ದಲ್ಲ, ಆ ದ್ವೀಪಗಳ ಜನರದ್ದು. ಮಾವಿ ಅವರ ಪುರಾಣದ ವೀರ. ದ್ವೀಪಗಳನ್ನು ಗಾಳ ಹಾಕಿ ಮೇಲೆತ್ತಿದವನು, ಸೂರ್ಯನಿಗೆ ಹಗ್ಗ ಹಾಕಿದವನು. ಸಿನಿಮಾದ ಚಿತ್ರಗಳು ಹೊರಬಿದ್ದಾಗ ಕೆಲವರು, ನಮ್ಮ ವೀರನನ್ನು ಇಷ್ಟು ಡುಮ್ಮನಾಗಿ ಮಾಡಿದ್ದು ಅವಮಾನ ಅಂದರು. ಇನ್ನು ಕೆಲವರು, ಅದು ಬೊಜ್ಜಲ್ಲ, ಕಟ್ಟುಮಸ್ತಾದ ಮೈ, ನಮ್ಮವರು ಹೀಗೇ ಇರುತ್ತಾರೆ ಅಂದರು. ಪುರಾಣದಲ್ಲಿ ಮಾವಿಯ ಜೊತೆಗೆ ಬರುವ ಹೀನಾ ಅನ್ನುವ ದೇವಿ ಎಲ್ಲಿ ಹೋದಳು ಅಂತಲೂ ಕೇಳಿದರು. ಅವಳು ಚಿತ್ರದಲ್ಲಿ ಇಲ್ಲವೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ, ಚಿತ್ರ ಬರುವ ಮೊದಲೇ, ಮಕ್ಕಳಿಗಾಗಿ ಮಾವಿಯ ವೇಷದ ಅಂಗಿ ಮಾರಾಟಕ್ಕೆ ಬಂತು. ಕಂದು ಬಣ್ಣದ ಮೈಗಂಟುವ ಬಟ್ಟೆ, ಮೇಲೆ ಹಚ್ಚೆಯ ಚಿತ್ತಾರ. ಒಬ್ಬರ ಚರ್ಮವನ್ನು ಇನ್ನೊಬ್ಬರು ತೊಟ್ಟುಕೊಳ್ಳುವುದು ಅಂದರೇನು ಅಂತ ಗಲಾಟೆ ಎದ್ದಿತು. ಕಂಪನಿ ಕ್ಷಮೆ ಕೇಳಿ ಅದನ್ನು ಅಂಗಡಿಗಳಿಂದ ತೆಗೆಸಿತು.

ಹಾಗಂತ ಸಿನಿಮಾದವರು ಯಾರನ್ನೂ ಕೇಳದೆ ಮಾಡಿದ್ದಲ್ಲ. ದ್ವೀಪಗಳಿಗೆ ಹೋಗಿ ಬಂದಿದ್ದರು. ಅಲ್ಲಿನ ವಿದ್ವಾಂಸರು, ದೋಣಿ ನಡೆಸುವವರು, ಹಚ್ಚೆ ಹಾಕುವವರು ಎಲ್ಲ ಸೇರಿದ ಒಂದು ಸಲಹಾ ಮಂಡಳಿಯನ್ನೂ ಮಾಡಿಕೊಂಡಿದ್ದರು. ಮಾವಿಯನ್ನು ಮೊದಲು ಬೋಳುತಲೆಯವನಾಗಿ ಬರೆದಿದ್ದರಂತೆ. ಕೂದಲು ಬೇಕೇ ಬೇಕು, ಅವನ ಶಕ್ತಿ ಅದರಲ್ಲಿದೆ ಅಂತ ಅಲ್ಲಿನವರು ಹೇಳಿದ ಮೇಲೆ ಆ ದಟ್ಟ ಗುಂಗುರು ಕೂದಲು ಬಂತು. ಮೊವಾನಾ ಸಿಟ್ಟಿನಲ್ಲಿ ತೆಂಗಿನಕಾಯಿ ಎಸೆಯುವ ದೃಶ್ಯವೂ ಒಂದಿತ್ತು. ಕಾಯಿಗೆ ಹಾಗೆ ಅಮರ್ಯಾದೆ ಮಾಡಬಾರದು ಅಂದರು, ತೆಗೆದರು. ಇದನ್ನು ಹೇಳಿದಾಗ ನಮ್ಮ ಮಕ್ಕಳಿಗೆ ವಿವರಣೆಯೇ ಬೇಕಾಗಲಿಲ್ಲ. ಕಾಯಿಯನ್ನು ಕಾಲಲ್ಲಿ ಒದ್ದರೆ ಮನೆಯಲ್ಲಿ ಎಂತ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು.

ನಾನು ಈ ದ್ವೀಪದವರ ತಕರಾರಿನ ಪರ. ಸಲಹೆ ಕೇಳಿದ ಮಾತ್ರಕ್ಕೆ ಕತೆ ನಿಮ್ಮದಾಗುವುದಿಲ್ಲ. ನಾಳೆ ಯಾವುದೋ ದೊಡ್ಡ ಕಂಪನಿ ನಮ್ಮ ಕಡೆಯ ಶೈಲಿಯಾದ ಬಡಗುತಿಟ್ಟಿನ ಯಕ್ಷಗಾನ ಇಟ್ಟು ಒಂದು ಅನಿಮೇಷನ್ ಮಾಡಿತು ಅಂದುಕೊಳ್ಳಿ. ಕೇದಗೆ ಮುಂದಲೆ ಅನ್ನುವ ತಲೆಯುಡುಗೆಯನ್ನು ತಪ್ಪಾಗಿ ಕಟ್ಟಿದರೆ ನಾವು ಸುಮ್ಮನಿರುತ್ತೇವಾ? ಹೊನ್ನಾವರದಿಂದ ಯಲ್ಲಾಪುರದ ತನಕ ಗಲಾಟೆ ಆಗುತ್ತದೆ. ಅದೇ ಹೊತ್ತಿಗೆ ಟಿಕೆಟ್ ತೆಗೆದುಕೊಂಡು ಮೊದಲ ದಿನವೇ ನೋಡುವವರೂ ನಾವೇ.

ಚಿಕ್ಕ ಚಿಕ್ಕ ತಕರಾರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹಂದಿಮರಿ ಪೂವಾ ಪೋಸ್ಟರಿನಲ್ಲೆಲ್ಲ ಇದೆ, ಪ್ರಯಾಣದಲ್ಲಿ ಇಲ್ಲ. ಇದು ಜಗತ್ತಿನ ಎಲ್ಲ ಮಕ್ಕಳ ದೂರು. ಅದರ ಬದಲು ದೋಣಿ ಹತ್ತಿದ್ದು ಹೇಹೇ ಅನ್ನುವ ಪೆದ್ದು ಹುಂಜ. ಅದು ಯಾಕೆ ಬೇಕು ಅನ್ನುವವರು, ಅದಿಲ್ಲದೆ ಸಿನಿಮಾ ಇಲ್ಲ ಅನ್ನುವವರು, ಎರಡೂ ಪಂಗಡ ಇದೆ. ರಾಕ್ಷಸರ ಲೋಕದಲ್ಲಿ ಸಿಗುವ ತಮಟೋವಾ ಅನ್ನುವ ದೊಡ್ಡ ಏಡಿ ನಮ್ಮ ಕಡಲ ಬದಿಯವರಿಗೆ ಅಚ್ಚುಮೆಚ್ಚು. ಮೈಮೇಲೆ ಚಿನ್ನ ಹೊತ್ತುಕೊಂಡು ತನ್ನನ್ನೇ ಹೊಗಳಿಕೊಂಡು ಹಾಡುತ್ತದಲ್ಲ, ಅದು. ಹಿಂದೆ ಮಾವಿ ತನ್ನ ಒಂದು ಕಾಲು ಕಿತ್ತಿದ್ದ ಅಂತ ಅದಕ್ಕೆ ಸೇಡು. “ಏಡಿಗೆ ಕಾಲು ಮತ್ತೆ ಬರ್ತದಲ್ಲ ಅಕ್ಕೋರೆ, ಇದಕ್ಯಾಕೆ ಬರ್ಲಿಲ್ಲ?” ಪ್ರಶ್ನೆ ಸರಿಯಾಗಿದೆ. ಏಡಿ ಚಿಪ್ಪು ಬಿಡುವಾಗ ಕಳೆದುಹೋದ ಕಾಲು ಮತ್ತೆ ಬೆಳೆಯುತ್ತದೆ. ಸಿನಿಮಾದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟರೋ!

ಎರಡನೇ ಭಾಗ 2024ರ ನವೆಂಬರಿನಲ್ಲಿ ಬಂತು. ನೂರು ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು. ಮೊದಲ ಭಾಗಕ್ಕಿಂತ ತುಂಬಾ ಜಾಸ್ತಿ. ಅಭಿಮಾನಿಗಳಿಗೆ ಮಾತ್ರ ಅಷ್ಟು ರುಚಿಸಲಿಲ್ಲ. ಹಾಡು ಹಿಡಿಸಲಿಲ್ಲ ಅಂದವರು ಬಹಳ. ಮೊದಲ ಚಿತ್ರದ ಹಾಡುಗಳಲ್ಲಿ ಕೈಯಿದ್ದ ಲಿನ್ ಮ್ಯಾನುಯೆಲ್ ಮಿರಾಂಡಾ ಇದರಲ್ಲಿ ಇರಲಿಲ್ಲ. ಇದನ್ನು ಮೊದಲು ಧಾರಾವಾಹಿಯಾಗಿ ಮಾಡಲು ಹೊರಟು, ಆಮೇಲೆ ಸಿನಿಮಾ ಮಾಡಿದ್ದು. ಕಂತು ಕಂತಾಗಿ ಕಾಣುತ್ತದೆ ಅನ್ನುವ ದೂರಿಗೆ ಅದೇ ಕಾರಣ ಇರಬಹುದು. ನನಗೂ ಅದರಲ್ಲಿ ಹೇಳುವಂಥದ್ದು ಜಾಸ್ತಿ ಸಿಗಲಿಲ್ಲ. ಮುಂದಕ್ಕೆ ಹೋಗೋಣ.

ಈಗ ನನ್ನ ಸ್ವಂತ ತಕರಾರು. ಅಭಿಮಾನಿ ಅಂದ ಮೇಲೆ ನನಗೂ ಒಂದು ಇರಬೇಕಲ್ಲ.

ಈ ಚಿತ್ರ ತಹೀತಿಯ ಭಾಷೆಗೆ ಡಬ್ ಆಗಿದೆ. 2017ರಲ್ಲಿ ಮಾವೊರಿ ಭಾಷೆಯಲ್ಲಿ ಬಂತು. ಅಜ್ಜಿ ತಾಲಾಗೆ ಇಂಗ್ಲಿಷಿನಲ್ಲಿ ದನಿ ಕೊಟ್ಟ ರೇಚೆಲ್ ಹೌಸ್ ಮಾವೊರಿಯವರೇ. ಆ ಆವೃತ್ತಿಯನ್ನು ನಿರ್ದೇಶಿಸಿದವರೂ ಅವರೇ. 2018ರಲ್ಲಿ ಹವಾಯಿಯ ಭಾಷೆಯಲ್ಲೂ ಬಂತು. ಇವೆಲ್ಲ ನಮ್ಮ ಒಂದು ಜಿಲ್ಲೆಯ ಜನಸಂಖ್ಯೆಯಷ್ಟೂ ಮಾತುಗಾರರು ಇಲ್ಲದ ಭಾಷೆಗಳು. 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಾಗಿರುವವರು 4 ಕೋಟಿ 37 ಲಕ್ಷ. ನಾನು ಮಾತ್ರ ರಿಮೋಟ್ ಹಿಡಿದು ನಿಲ್ಲಿಸಿ ನಿಲ್ಲಿಸಿ ಹೇಳುತ್ತಾ ಕೂತಿದ್ದೆ.

ಇದಕ್ಕೆ ಹೊರಗಿನವರನ್ನು ದೂರಿ ಪ್ರಯೋಜನ ಇಲ್ಲ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂದವರು ನಾವೇ. ಕಲಾವಿದರ ಕೆಲಸ ಹೋಗುತ್ತದೆ, ಕನ್ನಡ ಚಿತ್ರರಂಗ ಮುಳುಗುತ್ತದೆ ಅನ್ನುವ ಹೆದರಿಕೆ ಆಗ ಇತ್ತು. ಆ ಹೆದರಿಕೆಗೆ ಆಗಿನ ಕಾಲಕ್ಕೆ ಅರ್ಥವೂ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಕಾನೂನಿಗೆ ಸರಿಯಲ್ಲ ಅಂತ ಆದೇಶ ಕೊಟ್ಟಿತು. ಈಗ ಬೇರೆ ರಾಜ್ಯಗಳ ದೊಡ್ಡ ಹೀರೋಗಳ ಸಿನಿಮಾ ಕನ್ನಡದಲ್ಲೇ ಸಿಗುತ್ತದೆ. ಮಕ್ಕಳ ಸಿನಿಮಾ ಯಾಕೆ ಇಷ್ಟು ಹಿಂದೆ ಬಿದ್ದಿದೆ? ದೊಡ್ಡವರು ಸಬ್‌ಟೈಟಲ್ ಓದಿಯಾದರೂ ನೋಡುತ್ತಾರೆ. ಎರಡನೇ ಕ್ಲಾಸಿನ ಮಗು ಓದುವಷ್ಟರಲ್ಲಿ ದೋಣಿ ಮಗುಚಿ ಆಗಿರುತ್ತದೆ.

ಸಭೆಯಲ್ಲಿ ಒಬ್ಬರು ಕೇಳಿದರು, ಇಷ್ಟೆಲ್ಲ ಕೊಕ್ಕೆ ತೆಗೆದರೆ ಮಕ್ಕಳಿಗೆ ನೋಡುವ ಖುಷಿ ಉಳಿಯುತ್ತದಾ ಅಂತ. ಖುಷಿ ಇಲ್ಲದಿದ್ದರೆ ಕೊಕ್ಕೆ ತೆಗೆಯುವಷ್ಟು ಸೂಕ್ಷ್ಮವಾಗಿ ಯಾರು ನೋಡುತ್ತಾರೆ ಹೇಳಿ. ಮರುದಿನ ಸಂಜೆ ಬೇರೆ ಸಿನಿಮಾ ಹಾಕೋಣ ಅಂದರೆ ಕೇಳಲೇ ಇಲ್ಲ. ಅದೇ ಬೇಕು ಅಂದರು. ಅದೇ ಜಾಗಗಳಲ್ಲಿ ಅದೇ ಜಗಳ. ನಾನು ಒಂದೇ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ, ಈ ಚಿತ್ರದ ನೀತಿ ಏನು ಅಂತ. ಆ ಪ್ರಶ್ನೆ ಕೇಳಿದ ತಕ್ಷಣ ಮಕ್ಕಳು ಕೈಕಟ್ಟಿ ಕೂತು, ನಮಗೆ ಬೇಕಾದ ಉತ್ತರವನ್ನು ನಮಗೇ ಒಪ್ಪಿಸಿಬಿಡುತ್ತಾರೆ.

ಇನ್ನೊಬ್ಬರು ಕೇಳಿದ್ದು, ಡಬ್ಬಿಂಗ್‌ಗೆ ಕಾಯುವ ಬದಲು ನೀವೇ ಏನಾದರೂ ಮಾಡಬಹುದಲ್ಲ ಅಂತ. ಮಕ್ಕಳೇ ಮಾಡಿದ್ದಾರೆ, ಒಂದು ದೃಶ್ಯ. ಟಿವಿಯ ದನಿ ಮುಚ್ಚಿ, ಎದುರಿಗೆ ಕೂತು ತಾವೇ ಮಾತಾಡಿದರು. ಯಾರ ಕನ್ನಡ ಅನ್ನುವುದರ ಮೇಲೆ ಅರ್ಧ ದಿನ ಜಗಳ ಆಯಿತು. ಕೊನೆಗೆ ಮೊವಾನಾಗೆ ಕಾರವಾರದ ಕನ್ನಡ, ನಡುನಡುವೆ ಕೊಂಕಣಿ. ಮಾವಿಗೆ ನಮ್ಮ ಶಿರಸಿಯ ಅರ್ಥಧಾರಿ. ಏಡಿಗೆ ದನಿ ಕೊಟ್ಟ ಹುಡುಗ ಅದಕ್ಕೆ ಅಪ್ಪಟ ಹವ್ಯಕ ಭಾಷೆ ಕೊಟ್ಟ. ಅಷ್ಟು ಬಂಗಾರ ಹೇರಿಕೊಂಡು ಒಂದು ಏಡಿ ಹವ್ಯಕದಲ್ಲಿ ಬಡಾಯಿ ಕೊಚ್ಚಿಕೊಳ್ಳುವುದನ್ನು ನೀವು ಕೇಳಬೇಕು. ಹುಂಜಕ್ಕೆ ಡಬ್ಬಿಂಗ್ ಬೇಕಾಗಲಿಲ್ಲ. ಪಕ್ಕದ ಮನೆಯ ಕೋಳಿ ಹೊತ್ತಿಗೆ ಸರಿಯಾಗಿ ಕೂಗಿತು. ಎಲ್ಲ ನನ್ನ ಮೊಬೈಲಿನಲ್ಲಿದೆ. ಚಹಾ ಆದ ಮೇಲೆ ನೋಡುವವರು ಬನ್ನಿ. ದನಿ ಸ್ವಲ್ಪ ಸಣ್ಣದು, ಹತ್ತಿರ ಕೂರಬೇಕಾಗುತ್ತದೆ.